ಹಳೆಯ ಕಾರು, ಹೊಸ ಒಡೆಯ: ಗುರುತು, ಜೋಡಣೆ ಮತ್ತು ಲೆಕ್ಕಪತ್ರ

ಒಬ್ಬ ವೇತನದಾರರು 1983ರಲ್ಲಿ 20,000 ರೂಪಾಯಿ ಕೊಟ್ಟು 1931ರ ಫೋರ್ಡ್ ಟೂರರ್ ಕಾರೊಂದನ್ನು ಖರೀದಿಸಿದರು. ಕೆಲವು ವರ್ಷಗಳ ನಂತರ ಅದನ್ನು 21 ಲಕ್ಷ ರೂಪಾಯಿಗೆ ಮಾರಿದರು. ಕಾರು ತಮ್ಮ ವೈಯಕ್ತಿಕ ಬಳಕೆಯ ವಸ್ತು, ಆದುದರಿಂದ ಮಾರಾಟದಿಂದ ಬಂದ 20.80 ಲಕ್ಷ ರೂಪಾಯಿ ಲಾಭಕ್ಕೆ ಆದಾಯ ತೆರಿಗೆ ಅನ್ವಯಿಸದು ಎಂಬುದು ಅವರ ವಾದವಾಗಿತ್ತು. ಕರ ನಿರ್ಧರಣಾಧಿಕಾರಿ ಇದನ್ನು ಒಪ್ಪಲಿಲ್ಲ. ಮೇಲ್ಮನವಿ ಆಯುಕ್ತರು ಒಪ್ಪಿದರು. ಮೇಲ್ಮನವಿ ನ್ಯಾಯಮಂಡಳಿ ಪುನಃ ತಿರಸ್ಕರಿಸಿತು. 1992-93ನೇ ಕರ ನಿರ್ಧರಣಾ ವರ್ಷದ ಈ ವಿವಾದ ಅಂತಿಮವಾಗಿ 2025ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಇತ್ಯರ್ಥವಾಯಿತು, ಅದೂ ತೆರಿಗೆದಾರರ ವಿರುದ್ಧವಾಗಿ. ಕಾರನ್ನು ಸ್ವಂತಕ್ಕೆ ಬಳಸಲು ಸಾಧ್ಯವಿತ್ತು ಎಂದರೆ ಸಾಲದು, ಬಳಸಿದ್ದಕ್ಕೆ ಪುರಾವೆ ಬೇಕು ಎಂಬುದು ತೀರ್ಪಿನ ತಿರುಳು. ಕಾರು ಅವರ ಮನೆಯಲ್ಲಿ ನಿಲ್ಲುತ್ತಿರಲಿಲ್ಲ, ಓಡಾಟಕ್ಕೆ ಅವರು ಕಂಪನಿಯ ಕಾರನ್ನು ಬಳಸುತ್ತಿದ್ದರು, ಹಳೆಯ ಕಾರಿನ ನಿರ್ವಹಣೆಗೆ ಖರ್ಚು ಮಾಡಿದ್ದಕ್ಕೆ ದಾಖಲೆ ಇರಲಿಲ್ಲ.

ವ್ಯಾಪಾರ ಉದ್ಯಮಗಳಲ್ಲಿ ನೆಲೆ ನಿಂತ ಮೇಲೆ ಹಳೆಯ ಕಾರೊಂದನ್ನು ಕೊಂಡು ಮನೆಯ ಮುಂದೆ ನಿಲ್ಲಿಸುವ ಆಸೆ ಅನೇಕರಿಗೆ ಇರುತ್ತದೆ. ಆಸೆ ತಪ್ಪಲ್ಲ. ಆದರೆ ಕಾರು ಮನೆಗೆ ಬಂದ ವಾರದಲ್ಲಿಯೇ ಅದನ್ನು ಗ್ಯಾರೇಜಿಗೆ ಕಳುಹಿಸಿ ಬಣ್ಣ ಬಳಿಸಿ ಹೊಸ ಸಾಮಾನು ಹಾಕಿಸುವ ಆತುರ ಮಾತ್ರ ದುಬಾರಿಯಾದೀತು. ಇಂತಹ ಕಾರಿನ ಮೌಲ್ಯವು ಹೊಳಪಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಕಬ್ಬಿಣದ ಮೇಲಿನ ಸಂಖ್ಯೆಗೂ ಕಾಗದದ ಮೇಲಿನ ಸಂಖ್ಯೆಗೂ ಇರುವ ಹೊಂದಾಣಿಕೆಯಲ್ಲಿದೆ. ನೋಂದಣಿ, ವಿಮೆ, ತೆರಿಗೆ, ಮರುಮಾರಾಟ ಈ ನಾಲ್ಕೂ ಅದನ್ನೇ ಆಧರಿಸಿವೆ. ಮೇಲಿನ ಮೊಕದ್ದಮೆಯ ಕಾಲದ ಫೋರ್ಡ್ ‘ಎ’ ಮಾದರಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ಇಲ್ಲಿ ಪರಿಶೀಲಿಸಲಾಗಿದೆ.

‘ವಿಂಟೇಜ್’ ಎಂದರೆ ಯಾವುದು?

ಮೊದಲಿಗೆ ಪದದ ಗೊಂದಲವನ್ನು ಬಿಡಿಸಿಕೊಳ್ಳುವುದು ಒಳಿತು, ಏಕೆಂದರೆ ಒಬ್ಬೊಬ್ಬರ ಅಳತೆಗೋಲು ಒಂದೊಂದು. ಇಂಗ್ಲೆಂಡಿನ ಹವ್ಯಾಸಿಗಳ ಸಂಪ್ರದಾಯದಂತೆ 1919ರಿಂದ 1930ರ ಕೊನೆಯವರೆಗೆ ತಯಾರಾದವು ಮಾತ್ರ ವಿಂಟೇಜ್ ಕಾರುಗಳು. ಆ ಲೆಕ್ಕದಲ್ಲಿ 1931ರ ಫೋರ್ಡ್ ಒಂದು ವರ್ಷ ತಡ. ಭಾರತದ 2002ರ ಮೋಟಾರು ವಿಮಾ ದರಪಟ್ಟಿಯು 1940ರ ಅಂತ್ಯಕ್ಕೆ ಮುಂಚೆ ತಯಾರಾಗಿ, ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರ ಪಡೆದ ಕಾರನ್ನು ವಿಂಟೇಜ್ ಎಂದು ಪರಿಗಣಿಸಿ, ಸ್ವಂತ ಹಾನಿಯ ವಿಮಾಕಂತಿನಲ್ಲಿ ಶೇಕಡಾ 25 ರಿಯಾಯಿತಿ ನೀಡಿತು. ಆಮದು ನೀತಿಯಲ್ಲಿ ಬಹುಕಾಲ 1950ರ ಜನವರಿ 1 ಗಡಿಯಾಗಿತ್ತು. 2025ರಲ್ಲಿ ಅದನ್ನು 50 ವರ್ಷ ಮೀರಿದ ವಾಹನ ಎಂದು ಬದಲಿಸಲಾಯಿತು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈನಲ್ಲಿ ತಂದ ತಿದ್ದುಪಡಿಯೂ ಮೊದಲ ನೋಂದಣಿಯಿಂದ 50 ವರ್ಷ ಮೀರಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೇ ಅನ್ವಯಿಸುತ್ತದೆ. ಹೀಗಾಗಿ 1960ರ ದಶಕದ ಅಂಬಾಸಡರ್, ಫಿಯೆಟ್ 1100, ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳೂ ಇಂದು ಕಾನೂನಿನ ದೃಷ್ಟಿಯಲ್ಲಿ ಈ ಪಂಕ್ತಿಗೆ ಸೇರಬಲ್ಲವು. ಹಿರಿಯ ಹವ್ಯಾಸಿಗಳು ಮೂಗು ಮುರಿದಾರು. ನೋಂದಣಿ ಕಚೇರಿ ಮುರಿಯುವುದಿಲ್ಲ.

ಗುರುತು ಹಚ್ಚುವ ಬಗೆ

ಆರ್.ಸಿ. ಪುಸ್ತಕದಲ್ಲಿ ‘ಫೋರ್ಡ್, 1931’ ಎಂದು ಬರೆದಿದ್ದರೆ ಅದನ್ನೇ ಅಂತಿಮವೆಂದು ನಂಬತಕ್ಕದ್ದಲ್ಲ. ಆಗಿನ ಕಾಲದಲ್ಲಿ ಬಲಬದಿಗೆ ಚಾಲನಾ ಚಕ್ರವಿದ್ದ ಫೋರ್ಡ್ ಕಾರುಗಳು ಭಾರತಕ್ಕೆ ಮುಖ್ಯವಾಗಿ ಕೆನಡಾದ ಫೋರ್ಡ್ ಕಂಪನಿಯ ಮೂಲಕ ಬರುತ್ತಿದ್ದವು. 1926ರಲ್ಲಿ ಸ್ಥಾಪಿತವಾದ ಫೋರ್ಡ್ ಇಂಡಿಯಾ ಆ ಕಂಪನಿಯದೇ ಅಂಗಸಂಸ್ಥೆಯಾಗಿತ್ತು. ಕಾರ್ಖಾನೆಯಿಂದ ಹೊರಟ ಕಾರು ಹಡಗಿನಲ್ಲಿ ಬಂದು, ಮಾರಾಟಗಾರರ ಅಂಗಳದಲ್ಲಿ ಕಾದು, ನೋಂದಣಿಯಾಗುವ ಹೊತ್ತಿಗೆ ವರ್ಷ ಬದಲಾಗಿರಬಹುದು. ಪುಸ್ತಕದಲ್ಲಿರುವುದು ಬಹುತೇಕ ನೋಂದಣಿಯ ವರ್ಷ; ತಯಾರಿಕೆಯ ವರ್ಷವನ್ನು ಕಾರಿನಿಂದಲೇ ಓದಿಕೊಳ್ಳಬೇಕು.

‘ಎ’ ಮಾದರಿ ಈ ಓದಿಗೆ ಬಹಳ ಅನುಕೂಲಕರ. 1927ರ ಡಿಸೆಂಬರಿನಲ್ಲಿ ಜನರ ಮುಂದೆ ಬಂದ ಈ ಮಾದರಿ 1932ರಲ್ಲಿ ಎಂಟು ಸಿಲಿಂಡರಿನ ಫೋರ್ಡ್‌ಗೆ ಸ್ಥಾನ ಬಿಟ್ಟುಕೊಟ್ಟಿತು. ಸುಮಾರು 3.3 ಲೀಟರಿನ ನಾಲ್ಕು ಸಿಲಿಂಡರಿನ ಎಂಜಿನ್, 40 ಅಶ್ವಶಕ್ತಿ, ಮೂರು ಗೇರುಗಳು, ನಾಲ್ಕೂ ಚಕ್ರಗಳಿಗೆ ಸರಳಿನಿಂದ ಎಳೆಯುವ ಯಾಂತ್ರಿಕ ಬ್ರೇಕು, ಗಾಜಿನ ಮುಂದುಗಡೆಯೇ ಇರುವ ಪೆಟ್ರೋಲ್ ಟ್ಯಾಂಕಿನಿಂದ ತಾನಾಗಿ ಇಳಿದು ಬರುವ ಇಂಧನ, ಇವು ಎಲ್ಲ ವರ್ಷಗಳಿಗೂ ಸಮಾನ. ವ್ಯತ್ಯಾಸ ಇರುವುದು ಹೊರಮೈಯಲ್ಲಿ. 1928 ಮತ್ತು 1929ರ ಕಾರುಗಳ ಚಕ್ರಗಳು 21 ಅಂಗುಲದವು. 1930 ಮತ್ತು 1931ರವು 19 ಅಂಗುಲದವು. ಮೊದಲಿನ ಎರಡು ವರ್ಷಗಳಲ್ಲಿ ರೇಡಿಯೇಟರಿನ ಕವಚ ಮತ್ತು ದೀಪಗಳಿಗೆ ನಿಕ್ಕಲ್ ಲೇಪನ. ಅನಂತರದವುಗಳಲ್ಲಿ ರೇಡಿಯೇಟರ್ ತುಸು ಎತ್ತರ, ಕವಚ ಮತ್ತು ದೀಪಗಳು ತುಕ್ಕು ಹಿಡಿಯದ ಉಕ್ಕಿನವು. ಬಾಡಿಗೆ ಯಾವ ಬಣ್ಣವೇ ಇರಲಿ, ಮಡ್‌ಗಾರ್ಡುಗಳು ಸಾಮಾನ್ಯವಾಗಿ ಕಪ್ಪು ಎನಾಮಲ್. ಕೆನೆಬಣ್ಣದ ಬಾಡಿಗೆ ಕೆನೆಬಣ್ಣದ್ದೇ ಮಡ್‌ಗಾರ್ಡು ಇರುವ ಕಾರು ಕಂಡರೆ ಯಾವುದೋ ಮದುವೆಯ ಮೆರವಣಿಗೆಗಾಗಿ ಸಿಂಗಾರಗೊಂಡದ್ದು ಎಂದು ಊಹಿಸಬಹುದು.

ಇದಕ್ಕಿಂತ ಮುಖ್ಯವಾದದ್ದು ಸಂಖ್ಯೆ. ಎಂಜಿನ್ ಬ್ಲಾಕಿನ ಎಡಬದಿಯಲ್ಲಿ, ರೇಡಿಯೇಟರಿನಿಂದ ನೀರು ಒಳಬರುವ ಕೊಳವೆಯ ಮೇಲ್ಭಾಗದ ಚಪ್ಪಟೆ ಜಾಗದಲ್ಲಿ ಎಂಜಿನ್ ಸಂಖ್ಯೆಯನ್ನು ಒತ್ತಲಾಗಿರುತ್ತದೆ. ಆರಂಭದಲ್ಲಿ ‘ಎ’ ಅಕ್ಷರ, ಎರಡು ತುದಿಗಳಲ್ಲಿ ನಕ್ಷತ್ರದಂತಹ ಗುರುತು; ಕೆನಡಾದಲ್ಲಿ ತಯಾರಾದುದಾದರೆ ‘ಸಿಎ’ ಎಂದು ಆರಂಭ. ಕಾರ್ಖಾನೆಯಲ್ಲಿ ಎಂಜಿನನ್ನು ಕೂರಿಸಿದಾಗ ಇದೇ ಸಂಖ್ಯೆಯನ್ನು ಚಾಸಿಯ ಎಡ ಪಟ್ಟಿಯ ಮೇಲೂ ಒತ್ತುತ್ತಿದ್ದರು. ಆದರೆ ಅದು ಬಾಡಿಯ ಅಡಿಯಲ್ಲಿ ಮರೆಯಾಗಿರುವುದರಿಂದ ಬಾಡಿಯನ್ನು ಎತ್ತದೆ ಪೂರ್ತಿಯಾಗಿ ಕಾಣದು. ಎರಡೂ ಸಂಖ್ಯೆಗಳು ಹೊಂದಿದರೆ ಕಾರು ಹುಟ್ಟಿದಂತೆಯೇ ಉಳಿದಿದೆ ಎಂದರ್ಥ. ಹೊಂದದಿದ್ದರೆ ಯಾವಾಗಲೋ ಎಂಜಿನ್ ಬದಲಾಗಿದೆ. ಅದು ಅಪರಾಧವೇನಲ್ಲ, ಆದರೆ ಖರೀದಿಯ ದರವನ್ನು ಚರ್ಚಿಸುವಾಗ ತಿಳಿದಿರಬೇಕಾದ ಸಂಗತಿ. ಚಪ್ಪಟೆ ಜಾಗ ಅತಿಯಾಗಿ ನುಣುಪಾಗಿದ್ದರೆ, ಉಜ್ಜಿದ ಗೆರೆಗಳಿದ್ದರೆ, ಅಂಕಿಗಳು ಸಾಲು ತಪ್ಪಿದ್ದರೆ, ಅಲ್ಲಿಗೆ ವ್ಯವಹಾರವನ್ನು ನಿಲ್ಲಿಸುವುದು ಲೇಸು.

ಚಾಸಿಯಲ್ಲಿ ಅಲ್ಲಲ್ಲಿ ಕೊರೆದ ಅನವಶ್ಯಕ ರಂಧ್ರಗಳಿಗೂ ಒಂದು ಇತಿಹಾಸ ಇರಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಇದ್ದಿಲಿನಿಂದ ಅನಿಲ ತಯಾರಿಸುವ ಒಲೆಯನ್ನು ಹಿಂದೆ ಕಟ್ಟಿಕೊಂಡು ಭಾರತದಲ್ಲಿ ಬಸ್ಸು, ಕಾರುಗಳು ಓಡುತ್ತಿದ್ದವು. ಅಂತಹ ರಂಧ್ರಗಳನ್ನು ಕೂಡಲೇ ಬೆಸುಗೆ ಹಾಕಿ ಮುಚ್ಚಿಸುವ ಬದಲು ಛಾಯಾಚಿತ್ರ ತೆಗೆದಿಟ್ಟುಕೊಂಡರೆ ನಷ್ಟವಿಲ್ಲ.

ಬಣ್ಣದ ಕೆಲಸ ಆರಂಭಿಸುವ ಮುನ್ನ ಎರಡೂ ಸಂಖ್ಯೆಗಳ ಪೆನ್ಸಿಲ್ ಪ್ರಿಂಟ್ ತೆಗೆಯಿಸಿ, ದಿನಾಂಕ ಹಾಕಿ, ಕಾರಿನ ಒಳಹೊರಗಿನ ಛಾಯಾಚಿತ್ರಗಳ ಜೊತೆ ಕಡತದಲ್ಲಿ ಇಡತಕ್ಕದ್ದು. ಸಂಖ್ಯೆಯ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು ಪೇಂಟರುಗಳಿಗೆ ಸಹಜ ಅಭ್ಯಾಸ. ಆಮೇಲೆ ನಿರೀಕ್ಷಕರ ಮುಂದೆ ಅದನ್ನು ಕೆರೆಯುವ ಪಾಡು ಒಡೆಯರದು. ಅದೇ ಕಾಲದ ಕಾರುಗಳನ್ನು ಕಣ್ಣಾರೆ ನೋಡಿ ಹೋಲಿಸಬೇಕೆನ್ನುವವರು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯಕ್ಕೂ ಒಮ್ಮೆ ಹೋಗಿ ಬರಬಹುದು.

ಬಿಚ್ಚಿ ತೆಗೆಯಬಹುದಾದ ಜೋಡಣೆಗಳು

ಹಳೆಯ ಕಾರಿಗೆ ಏನನ್ನೂ ಸೇರಿಸಬಾರದೆಂಬ ಕಟ್ಟುಪಾಡು ಇಲ್ಲ. ಆ ಕಾಲದ ಒಡೆಯರೂ ಸೇರಿಸುತ್ತಿದ್ದರು. ರೇಡಿಯೇಟರಿನ ಮುಚ್ಚಳದ ಮೇಲೆ ಹಾರುವ ಲಾವಕ್ಕಿಯ ಪ್ರತಿಮೆ ‘ಎ’ ಮಾದರಿಗೆ ಫೋರ್ಡ್ ಕಂಪನಿಯೇ ಮಾರುತ್ತಿದ್ದ ಅಲಂಕಾರ. ಅದೇ ಜಾಗದಲ್ಲಿ ಕೂರುವ ಮೋಟೋಮೀಟರ್ ಎಂಬ ಉಷ್ಣಮಾಪಕ ಅಲಂಕಾರವೂ ಹೌದು, ಉಪಯುಕ್ತವೂ ಹೌದು. ಏಕೆಂದರೆ ಕಾರಿನ ಮುಂದಿನ ಫಲಕದಲ್ಲಿ ವೇಗ, ವಿದ್ಯುತ್ ಪ್ರವಾಹ ಮತ್ತು ಪೆಟ್ರೋಲಿನ ಮಾಪಕಗಳಿವೆಯೇ ಹೊರತು ನೀರಿನ ಬಿಸಿಯನ್ನು ತೋರಿಸುವುದು ಯಾವುದೂ ಇಲ್ಲ. ಚಾರ್ಮಾಡಿ ಅಥವಾ ಶಿರಾಡಿ ಘಟ್ಟವನ್ನು ಹತ್ತಿಸುವ ಯೋಚನೆ ಇರುವವರು ಇದನ್ನು ಮೊದಲು ಹಾಕಿಸಿಕೊಳ್ಳಬೇಕು. ಹಿಂಬದಿಯ ಸಾಮಾನು ಕಟ್ಟುವ ಚೌಕಟ್ಟು, ಸ್ಟೆಪ್ನಿಯ ಹೊದಿಕೆ, ಪಕ್ಕದ ಕನ್ನಡಿ ಮುಂತಾದವು ಆ ಕಾಲಕ್ಕೆ ಒಪ್ಪುವ ಜೋಡಣೆಗಳು. ‘ಎ’ ಮಾದರಿಯ ಬಹುತೇಕ ಬಿಡಿಭಾಗಗಳು ಅಮೆರಿಕದಲ್ಲಿ ಇಂದಿಗೂ ಹೊಸದಾಗಿ ತಯಾರಾಗುತ್ತವೆ. ಈ ವಿಷಯದಲ್ಲಿ 95 ವರ್ಷದ ಫೋರ್ಡ್ ಒಡೆಯನ ಸ್ಥಿತಿ 60 ವರ್ಷದ ಸ್ಟ್ಯಾಂಡರ್ಡ್ ಹೆರಾಲ್ಡ್ ಒಡೆಯನದಕ್ಕಿಂತ ಉತ್ತಮ ಎನ್ನಬಹುದು.

ವಿದ್ಯುತ್ತಿನ ವಿಷಯದಲ್ಲಿ ಎಚ್ಚರ ಅಗತ್ಯ. ಈ ಕಾರಿನದು 6 ವೋಲ್ಟಿನ ವ್ಯವಸ್ಥೆ, ಅದರಲ್ಲೂ ಬ್ಯಾಟರಿಯ ಧನ ತುದಿಯನ್ನು ಬಾಡಿಗೆ ಜೋಡಿಸಿರುತ್ತದೆ. ಇಂದಿನ ಕಾರಿನ ಸಾಮಾನನ್ನು ಹಾಗೆಯೇ ಜೋಡಿಸಿದರೆ ಸುಟ್ಟುಹೋಗುವುದು ಖಂಡಿತ. ಸ್ಟಾರ್ಟರ್ ನಿಧಾನವಾಗಿ ತಿರುಗುತ್ತದೆ ಎಂಬ ದೂರು ಬಂದೊಡನೆ 12 ವೋಲ್ಟಿಗೆ ಬದಲಿಸಿ ಎನ್ನುವ ಮೆಕ್ಯಾನಿಕ್‌ಗಳು ಬಹಳ. ಬಹುಪಾಲು ಸಂದರ್ಭಗಳಲ್ಲಿ ದೋಷ ವೋಲ್ಟಿನದಲ್ಲ, ತಂತಿಯದು. 30 ವಾಟ್‌ನ ಬಲ್ಬು 12 ವೋಲ್ಟಿನಲ್ಲಿ ಎರಡೂವರೆ ಆಂಪಿಯರ್ ಎಳೆದರೆ 6 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ. ಸ್ಟಾರ್ಟರಿಗೂ ಇದೇ ಲೆಕ್ಕ. ಆದ್ದರಿಂದ 6 ವೋಲ್ಟಿನ ಕಾರಿಗೆ ದಪ್ಪ ಕೇಬಲ್ಲು, ಶುಭ್ರವಾದ ಅರ್ಥ್ ಜೋಡಣೆ ಬೇಕು. ಇಂದಿನ ಕಾರಿನ ತೆಳು ಕೇಬಲ್ಲನ್ನು ಹಾಕಿ ಹಳೆಯ ಡೈನಮೊವನ್ನು ದೂರಿ ಪ್ರಯೋಜನವಿಲ್ಲ. ಸಂಚಾರದ ಸುರಕ್ಷತೆಗಾಗಿ ತಿರುವಿನ ದೀಪಗಳನ್ನು ಹಾಕಿಸುವುದಾದರೆ ಮಡ್‌ಗಾರ್ಡನ್ನು ಕೊರೆಯದೆ ಕ್ಲಾಂಪಿನಿಂದ ಬಿಗಿಯುವಂತಹವನ್ನು ಆರಿಸಬೇಕು.

ಮರಳಿ ಬಾರದ ಮಾರ್ಪಾಡುಗಳು

ಪೆಟ್ರೋಲಿನ ಬೆಲೆ ಏರಿದ ದಶಕಗಳಲ್ಲಿ ದೊಡ್ಡ ಅಮೆರಿಕನ್ ಕಾರುಗಳಿಗೂ ಅಂಬಾಸಡರುಗಳಿಗೂ ಡೀಸೆಲ್ ಎಂಜಿನ್ ಕೂರಿಸುವುದು ಭಾರತದಲ್ಲಿ ಸಾಮಾನ್ಯವಾಗಿತ್ತು. ಆಗ ಅದು ವ್ಯವಹಾರಜ್ಞಾನ; ಇಂದು ಅದೇ ಕಾರಿನ ದೊಡ್ಡ ಕೊರತೆ. 2021ರ ನಿಯಮಗಳ ಪ್ರಕಾರ ವಾಹನವು ಮೂಲರೂಪದಲ್ಲಿಯೇ ಉಳಿದಿರಬೇಕು. ಚಾಸಿ, ಬಾಡಿಯ ಕವಚ ಅಥವಾ ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಇದಲ್ಲದೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಅನ್ವಯ ಯಾವುದೇ ವಾಹನವನ್ನು ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಬಾಡಿಯನ್ನು ಕತ್ತರಿಸಿ ಟೂರರ್ ಕಾರನ್ನು ಎರಡು ಸೀಟಿನದಾಗಿ ಮಾಡುವುದು, ಚಾಸಿಯನ್ನು ತುಂಡರಿಸುವುದು, ಯಾಂತ್ರಿಕ ಬ್ರೇಕುಗಳನ್ನು ತೆಗೆದು ಬಿಸಾಡುವುದು, ಇವುಗಳಿಗೆ ಕೈಹಾಕದಿರುವುದೇ ಜಾಣತನ. ಸರಿಯಾಗಿ ಹೊಂದಿಸಿದ ಸರಳಿನ ಬ್ರೇಕು ಈ ಕಾರಿನ ವೇಗಕ್ಕೆ ಸಾಕಾಗುತ್ತದೆ. ಅನಿವಾರ್ಯವಾಗಿ ಏನನ್ನಾದರೂ ತೆಗೆಯಬೇಕಾಗಿ ಬಂದಲ್ಲಿ ಮೂಲಭಾಗವನ್ನು ಎಣ್ಣೆ ಸವರಿ, ಚೀಟಿ ಅಂಟಿಸಿ, ಪೆಟ್ಟಿಗೆಯಲ್ಲಿ ಕಾಯ್ದಿರಿಸತಕ್ಕದ್ದು. ಬಣ್ಣ ಬದಲಿಸಿದರೆ ಆರ್.ಸಿ.ಯಲ್ಲಿಯೂ ಆ ಬದಲಾವಣೆ ನಮೂದಾಗಬೇಕು.

ನೋಂದಣಿಯ ಎರಡು ದಾರಿ

ಖರೀದಿಯ ಹಂತದಲ್ಲಿ 29 ಮತ್ತು 30ನೇ ನಮೂನೆಗಳು, ಹೊರ ಜಿಲ್ಲೆ ಅಥವಾ ಹೊರ ರಾಜ್ಯದ ಕಾರಾದರೆ 28ನೇ ನಮೂನೆಯ ನಿರಾಕ್ಷೇಪಣಾ ಪತ್ರ, ಇವು ವ್ಯಾಪಾರಸ್ಥರಿಗೆ ಹೊಸತಲ್ಲ. ಅನಂತರ ಒಡೆಯರ ಮುಂದೆ ಎರಡು ದಾರಿಗಳಿವೆ. ಒಂದು, ಸಾಮಾನ್ಯ ನೋಂದಣಿಯನ್ನೇ 5 ವರ್ಷಗಳಿಗೊಮ್ಮೆ ನವೀಕರಿಸುತ್ತ ಹೋಗುವುದು. ಇದರ ಶುಲ್ಕ 2022ರ ಏಪ್ರಿಲಿನಿಂದ ತೀವ್ರವಾಗಿ ಏರಿತು, 2025ರಲ್ಲಿ ಮತ್ತೆ ಏರಿತು. ಇನ್ನೊಂದು, ವಿಂಟೇಜ್ ನೋಂದಣಿ. ಇದಕ್ಕೆ 20ನೇ ನಮೂನೆಯಲ್ಲಿ ಅರ್ಜಿ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಗಳ ಅವಧಿ ಮುಗಿದ ಮೇಲೆ ಮರುನೋಂದಣಿಗೆ 5,000 ರೂಪಾಯಿ. ಹೊಸದಾಗಿ ನೋಂದಣಿಯಾಗುವ ವಾಹನಕ್ಕೆ ರಾಜ್ಯದ ಸಂಕೇತದ ನಂತರ ‘ವಿಎ’ ಅಕ್ಷರಗಳುಳ್ಳ ಪ್ರತ್ಯೇಕ ಸರಣಿಯ ಸಂಖ್ಯೆ ದೊರೆಯುತ್ತದೆ. ಆದರೆ ಈಗಾಗಲೇ ನೋಂದಣಿಯಾಗಿರುವ ಕಾರು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಹಳೆಯ ಮೈಸೂರು ರಾಜ್ಯದ ‘ಎಂವೈ’ ಅಕ್ಷರಗಳಿಂದ ಆರಂಭವಾಗುವ ನಂಬರ್ ಪ್ಲೇಟು ಇರುವವರಿಗೆ ಇದು ಸಣ್ಣ ವಿಷಯವಲ್ಲ.

ವಿಂಟೇಜ್ ನೋಂದಣಿಗೆ ಒಂದು ಷರತ್ತಿದೆ. ಅಂತಹ ವಾಹನವನ್ನು ದೈನಂದಿನ ಓಡಾಟಕ್ಕಾಗಲಿ ವಾಣಿಜ್ಯ ಉದ್ದೇಶಕ್ಕಾಗಲಿ ಬಳಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ, ಇವುಗಳಿಗೆ ಹೋಗಿ ಬರಲು ಮಾತ್ರ ರಸ್ತೆಗೆ ಇಳಿಸಬಹುದು. ಮದುವೆಗಳಿಗೆ ಬಾಡಿಗೆ ಕೊಟ್ಟು ಖರ್ಚು ಹುಟ್ಟಿಸುವ ಲೆಕ್ಕಾಚಾರ ಹಾಕಿರುವ ಹೋಟೆಲು, ಕಲ್ಯಾಣಮಂಟಪಗಳ ಮಾಲೀಕರು ಇದನ್ನು ಮೊದಲೇ ಗಮನಿಸುವುದು ಒಳ್ಳೆಯದು.

ಲೆಕ್ಕದ ಕಡತ

ಇಲ್ಲಿಯೇ ಆರಂಭದಲ್ಲಿ ಹೇಳಿದ ಮೊಕದ್ದಮೆ ಮತ್ತೆ ಎದುರಾಗುತ್ತದೆ. 1961ರ ಆದಾಯ ತೆರಿಗೆ ಕಾಯಿದೆಯ 2(14)ನೇ ಕಲಮು ವೈಯಕ್ತಿಕ ಬಳಕೆಯ ಚರ ವಸ್ತುಗಳನ್ನು ಬಂಡವಾಳ ಆಸ್ತಿಯಿಂದ ಹೊರಗಿಟ್ಟಿತು. ಅದರ ಸ್ಥಾನದಲ್ಲಿ 2025ರಲ್ಲಿ ಅಂಗೀಕೃತವಾದ ಕಾಯಿದೆಯಲ್ಲಿಯೂ ಈ ವಿನಾಯಿತಿ ಉಳಿದಿದೆ. ಮೋಟಾರು ನಿಯಮವು ವಿಂಟೇಜ್ ಕಾರನ್ನು ದಿನನಿತ್ಯ ಓಡಿಸಬೇಡಿ ಎನ್ನುತ್ತದೆ. ತೆರಿಗೆ ನ್ಯಾಯನಿರ್ಣಯವು ಸ್ವಂತಕ್ಕೆ ಬಳಸಿದ್ದನ್ನು ತೋರಿಸಿ ಎನ್ನುತ್ತದೆ. ಈ ಎರಡರ ನಡುವೆ ಒಡೆಯನಿಗೆ ಉಳಿಯುವ ಆಸರೆ ಕಾಗದ ಮಾತ್ರ. ಕಾರನ್ನು ವಾಸದ ಮನೆಯಲ್ಲಿಯೇ ನಿಲ್ಲಿಸುವುದು, ವಿಮೆಯ ವಿಳಾಸವೂ ಅದೇ ಇರುವುದು, ರ‍್ಯಾಲಿಗಳ ಪ್ರವೇಶಪತ್ರ, ಪ್ರತಿ ಓಡಾಟದ ದಿನಾಂಕ ಮತ್ತು ಕಿಲೋಮೀಟರು ಬರೆದ ಪುಸ್ತಕ, ಪೆಟ್ರೋಲಿನ ಚೀಟಿ, ಗ್ಯಾರೇಜಿನ ಬಿಲ್ಲು, ಇವೆಲ್ಲವೂ ಒಡೆಯರ ಹೆಸರಿನಲ್ಲಿ, ಒಡೆಯರ ಸ್ವಂತ ಬ್ಯಾಂಕ್ ಖಾತೆಯಿಂದ ಪಾವತಿಯಾಗಿರಬೇಕು. ಹೆಚ್ಚು ಓಡಿಸುವ ಇಚ್ಛೆಯಿರುವವರಿಗೆ ಸಾಮಾನ್ಯ ನೋಂದಣಿಯೇ ಮೇಲು. ಶುಲ್ಕ ಹೆಚ್ಚಾದರೂ ಬಳಕೆಯ ಪುರಾವೆ ಸಹಜವಾಗಿ ಸೇರುತ್ತ ಹೋಗುತ್ತದೆ.

ಕಾರನ್ನು ಸ್ವಂತ ಹೆಸರಿನಲ್ಲಿ ಕೊಂಡು ದುರಸ್ತಿಯ ಬಿಲ್ಲನ್ನು ಅಂಗಡಿಯ ಅಥವಾ ಪಾಲುದಾರಿಕೆ ಸಂಸ್ಥೆಯ ಖಾತೆಗೆ ಬರೆಯುವ ಪರಿಪಾಠ ಎರಡು ಕಡೆಯೂ ಹೊಡೆತ ಕೊಡುತ್ತದೆ: ಸಂಸ್ಥೆಗೆ ಆ ಖರ್ಚು ತಿರಸ್ಕೃತವಾಗಬಹುದು, ಒಡೆಯನಿಗೆ ‘ವೈಯಕ್ತಿಕ ಬಳಕೆ’ಯ ವಾದ ದುರ್ಬಲವಾಗಬಹುದು. ಸಂಸ್ಥೆಯ ಹೆಸರಿನಲ್ಲಿಯೇ ಕೊಂಡರೆ ವೈಯಕ್ತಿಕ ವಸ್ತುವಿನ ವಿನಾಯಿತಿಯ ಪ್ರಶ್ನೆಯೇ ಬಾರದು. ವಿಂಟೇಜ್ ನೋಂದಣಿಯಲ್ಲಿ ವಾಣಿಜ್ಯ ಬಳಕೆ ನಿಷಿದ್ಧವಾಗಿರುವಾಗ ವ್ಯವಹಾರಕ್ಕಾಗಿ ಬಳಸಿದ್ದೇವೆಂದು ಸವಕಳಿ ಕೇಳುವುದೂ ಕಷ್ಟ.

ವಿನಾಯಿತಿ ಸಿಗದೇ ಹೋದರೂ ಬಿಲ್ಲುಗಳು ವ್ಯರ್ಥವಾಗುವುದಿಲ್ಲ. ಒಬ್ಬರು 8 ಲಕ್ಷಕ್ಕೆ ಕೊಂಡು, 12 ಲಕ್ಷ ಖರ್ಚು ಮಾಡಿ ಕಾರನ್ನು ಸುಸ್ಥಿತಿಗೆ ತಂದು, ಎರಡು ವರ್ಷಗಳಿಗೂ ಹೆಚ್ಚು ಕಾಲ ಇಟ್ಟುಕೊಂಡು 30 ಲಕ್ಷಕ್ಕೆ ಮಾರಿದರೆಂದು ಇಟ್ಟುಕೊಳ್ಳೋಣ. ಸುಧಾರಣೆಯ ವೆಚ್ಚಕ್ಕೆ ದಾಖಲೆಯಿದ್ದರೆ ದೀರ್ಘಾವಧಿ ಲಾಭ 10 ಲಕ್ಷ. 2024ರ ಜುಲೈನಿಂದ ಬಂದ ಶೇಕಡಾ 12.5ರ ದರದಲ್ಲಿ ತೆರಿಗೆ 1.25 ಲಕ್ಷ. ದಾಖಲೆ ಇಲ್ಲದಿದ್ದರೆ ಲಾಭ 22 ಲಕ್ಷ, ತೆರಿಗೆ 2.75 ಲಕ್ಷ, ಉಪಕರ ಮುಂತಾದವು ಬೇರೆ. ಟಿಂಕರಿಂಗ್ ಮೇಸ್ತ್ರಿಗೆ ವಾರವಾರ ಕೈಯಲ್ಲಿ ಕೊಟ್ಟ ಹಣಕ್ಕೆ ರಸೀದಿ ಬರೆಸಿಕೊಳ್ಳದ ಸೋಮಾರಿತನದ ಬೆಲೆ ಒಂದೂವರೆ ಲಕ್ಷ. ತಂದೆ ಅಥವಾ ತಾತನಿಂದ ಬಂದ ಕಾರಾದರೆ ಅವರು ಕೊಟ್ಟ ಬೆಲೆಯೇ ಆಧಾರ. 2001ರ ಏಪ್ರಿಲ್ 1ಕ್ಕೆ ಮುಂಚಿನದಾದರೆ ಆ ದಿನದ ಮಾರುಕಟ್ಟೆ ಮೌಲ್ಯವನ್ನು ಆಯ್ದುಕೊಳ್ಳಬಹುದು. ಅದಕ್ಕೆ ನೋಂದಾಯಿತ ಮೌಲ್ಯಮಾಪಕರ ವರದಿಯನ್ನು ಕಾರು ಕೈಯಲ್ಲಿರುವಾಗಲೇ ಪಡೆದಿಟ್ಟುಕೊಳ್ಳುವುದು ಸುಲಭ.

ಅದೇ ವರದಿ ವಿಮೆಗೂ ನೆರವಾಗುತ್ತದೆ. 5 ವರ್ಷ ಮೀರಿದ ವಾಹನದ ವಿಮಾ ಮೌಲ್ಯವು ವಿಮಾದಾರ ಮತ್ತು ಕಂಪನಿಯ ನಡುವಿನ ಒಪ್ಪಂದದಿಂದ ನಿಗದಿಯಾಗುವಂತಹದು. ಛಾಯಾಚಿತ್ರ, ಬಿಲ್ಲು, ವರದಿ ಮೂರೂ ಇಲ್ಲದಿದ್ದರೆ ಕಂಪನಿ ಹೇಳಿದ್ದೇ ಬೆಲೆ. 2007ರಿಂದ ಸ್ವಂತ ಹಾನಿಯ ದರಗಳು ಮುಕ್ತವಾಗಿರುವುದರಿಂದ ಹಿಂದಿನ ಶೇಕಡಾ 25 ರಿಯಾಯಿತಿಯನ್ನು ಯಾವ ಕಂಪನಿ ಇನ್ನೂ ಕೊಡುತ್ತದೆ ಎಂಬುದನ್ನು ಎರಡು ಮೂರು ಕಡೆ ವಿಚಾರಿಸಿಯೇ ತಿಳಿಯಬೇಕು.

ಕೊನೆಯದಾಗಿ ಪಾವತಿಯ ಬಗ್ಗೆ. ಹಳೆಯ ಮನೆತನಗಳಿಂದ ಕಾರು ಕೊಳ್ಳುವಾಗ ‘ನಗದು ಕೊಟ್ಟರೆ ಐದು ಸಾವಿರ ಕಡಿಮೆ’ ಎಂಬ ಮಾತು ಬರುವುದುಂಟು. 2017ರಲ್ಲಿ ಬಂದ ನಿರ್ಬಂಧದಂತೆ ಒಂದು ವ್ಯವಹಾರದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ನಗದನ್ನು ಪಡೆದ ಮಾರಾಟಗಾರನಿಗೆ ಅಷ್ಟೇ ಮೊತ್ತದ ದಂಡ ಬೀಳುತ್ತದೆ. ಕೊಂಡವನ ಕಡತದಲ್ಲಿ ಖರೀದಿ ಬೆಲೆಗೆ ಪುರಾವೆ ಉಳಿಯುವುದಿಲ್ಲ. ಮೊತ್ತವನ್ನು ಬ್ಯಾಂಕಿನ ಮೂಲಕವೇ ಪಾವತಿಸಿ, ಎಂಜಿನ್ ಮತ್ತು ಚಾಸಿಯ ಸಂಖ್ಯೆಗಳನ್ನು ನಮೂದಿಸಿದ ಮಾರಾಟ ಪತ್ರವನ್ನು ಬರೆಸಿಕೊಂಡು, ಪೆನ್ಸಿಲ್ ಪ್ರಿಂಟಿನ ಪಕ್ಕದಲ್ಲಿ ಮಾರುವವರ ಸಹಿಯನ್ನೂ ಅಂದೇ ಹಾಕಿಸಿಕೊಳ್ಳಬೇಕು.